ಪೂಜೆಗಿಟ್ಟ ಕೋಲು

ಹನ್ನೊಂದು ವರ್ಷ, ಮೂವತ್ತು ಮುರಿದ ಕೋಲು, ಒಂದು ಬೆರಳಿನ ತುದಿ. ಪಂಢರೀನಾಥರು ತಾವೇ ಕಂಡುಹಿಡಿದ ಹೊಸ ಬಗೆಯ ಗಾಲ್ಫ್ ಕೋಲಿಗೆ ತೆತ್ತ ಬೆಲೆ ಇಷ್ಟು. ವಾಯುಪಡೆಯಲ್ಲಿ ವಿಮಾನದ ರೇಡಿಯೊ ರಿಪೇರಿ ಮಾಡಿ, ನಿವೃತ್ತರಾಗಿ ಬಾದಾಮಿಗೆ ಬಂದವರು. ವಿಮಾನ ರನ್‌ವೇಯ ನೇರ ತಪ್ಪಿದರೆ ರೇಡಿಯೊ ಎಚ್ಚರಿಸುವಂತೆ, ಹೊಡೆತ ಓರೆಯಾದರೆ ಅವರ ಕೋಲು ಗುಂಯ್ ಎನ್ನುತ್ತಿತ್ತು.

ಪೇಟೆಂಟ್ ಕಚೇರಿಯ ಪತ್ರವನ್ನು ಅವರು ಎರಡು ಸಲ ಓದಿದರು. ಅರ್ಜಿ ಹಾಕುವ ಮೊದಲೇ ಎಲ್ಲ ವಿವರ ಪತ್ರಿಕೆಯಲ್ಲಿ ಬಂದಿರುವುದರಿಂದ ಹಕ್ಕು ಕೊಡಲಾಗದು ಎಂದಿತ್ತು. ಜೊತೆಗೆ ಆ ಸುದ್ದಿಯ ನಕಲು: ಆಯುಧಪೂಜೆಗೆ ಬಿಚ್ಚಿಟ್ಟ ಕೋಲು, ಒಂದೊಂದು ಭಾಗಕ್ಕೂ ಕುಂಕುಮ, ಪಕ್ಕದಲ್ಲಿ ಹೆಂಡತಿ ಕುಮುದಿನಿ.

"ಅಯ್ಯ, ನಮ್ಮ ಫೋಟೊ ಅಲ್ಲಿತನಕಾ ಹೋಗ್ಯದಲ್ರೀ!" ಕುಮುದಿನಿ ಇಣುಕಿದಳು. "ಪೇಪರಿನವರನ್ನ ನಾ ಕರಸಿದ್ದಕ್ಕ ಇದೆಲ್ಲಾ. ನೀವಂತೂ ಬಾಯಿ ಬಿಡೂದಿಲ್ಲ."

"ಹೌದು. ಫೋಟೊ ಛಲೋ ಬಂದದ," ಎಂದು ಪಂಢರೀನಾಥರು ಸುದ್ದಿಯ ನಕಲನ್ನು ಅವಳ ಕೈಗಿತ್ತು, ಪತ್ರವನ್ನಷ್ಟೇ ಮಡಚಿ ಜೇಬಿಗೆ ಹಾಕಿಕೊಂಡರು. ಇನ್ನು ಆ ಕೋಲನ್ನು ಯಾರು ಬೇಕಾದರೂ ಮಾಡಬಹುದು. ಅದು ಅವರದಾಗಿ ಉಳಿಯಲಿಲ್ಲ.