ಎರಡನೇ ಸಲ ಕೇಳದವರ ಓಣಿ

“ಹಿಂದಿನ ಜಗುಲಿನೂ ತಗೋ, ನಿನ್ನ ಹೊಲಿಗೆ ಮಷಿನ್ ಇಟ್ಕೋ. ಅದಕ್ಕೆ ಬೇರೆ ಬಾಡಿಗೆ ಬೇಡ. ಏನಂತೀಯಾ, ಮನೆ ಬೇಕಾ?” ಎಂದು ಮನೆಯೊಡತಿ ತಿಯುರ್ಮಾ ಕೇಳಿದರು. ಜಾವಾದ ಸೊಲೊ ಊರಿನ ಯಾವ ಮರ್ಯಾದಸ್ಥನೂ ಹೇಳುವಂತೆ ಪ್ರಮುಜಿ ಅವರನ್ನು ‘ಇಬು’, ಅಂದರೆ ಅಮ್ಮ, ಎಂದು ಕರೆದು ಹೇಳಿದ, “ಅಯ್ಯೋ ಬೇಡ ಇಬು, ನಮ್ಮಿಂದ ನಿಮಗ್ಯಾಕೆ ತೊಂದರೆ.”

“ಸರಿ, ಬಿಡು,” ಎಂದು ತಿಯುರ್ಮಾ ಬಾಗಿಲೆಳೆದು ಬೀಗ ಹಾಕಿದರು. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ಇದ್ದ ತಮ್ಮ ಮನೆಯೊಳಕ್ಕೆ ಹೋಗಿಯೇಬಿಟ್ಟರು.

ಪ್ರಮುಜಿ ನಿಂತೇ ಇದ್ದ. ಅವನೂರಿನಲ್ಲಿ ಎರಡನೇ ಸಲ ಕೇಳುತ್ತಾರೆ. ಆಗಲೂ ಬೇಡ ಎನ್ನಬೇಕು. ಮೂರನೇ ಸಲ ಕೇಳಿದಾಗ, ನಿಮ್ಮ ಮಾತು ಹೇಗೆ ಮೀರಲಿ ಎಂಬಂತೆ ತಲೆ ತಗ್ಗಿಸಿ ಒಪ್ಪಿಕೊಳ್ಳಬೇಕು. ಹುಟ್ಟಿದಾಗಿನಿಂದ ಹೀಗೇ ಬದುಕಿದ ಪ್ರಾಣಿ, ಜಕಾರ್ತಾದ ಆ ಇಕ್ಕಟ್ಟು ಓಣಿಯಲ್ಲಿ ಮುಚ್ಚಿದ ಬಾಗಿಲನ್ನೇ ನೋಡುತ್ತ ಎರಡನೇ ಸಲಕ್ಕಾಗಿ ಕಾಯುತ್ತಿತ್ತು.

ಅಷ್ಟರಲ್ಲಿ ಹೆಂಡತಿ ಸುಲಾಸ್ತ್ರಿ ಓಣಿಯ ತುದಿಯಿಂದ ಓಡೋಡಿ ಬಂದಳು. ಮುಖ ಅರಳಿತ್ತು. “ರೀ ಮಾಸ್, ಆಸ್ಪತ್ರೆ ಗೇಟು ಇಲ್ಲೇ ಹಿಂದುಗಡೆ! ರಾತ್ರಿ ಪಾಳಿ ಮುಗಿಸಿ ನಡ್ಕೊಂಡೇ ಬರ್ಬಹುದು. ಎಲ್ಲಿ ಅವರು? ಕೇಳಲಿಲ್ವಾ?”

“ಕೇಳಿದ್ರು.”

“ಏನಂದ್ರಿ?”

“ಬೇಡ ಅಂದೆ.” ಹೆಂಡತಿಯ ಮುಖ ನೋಡಿ ಗಡಿಬಿಡಿಯಲ್ಲಿ ಸೇರಿಸಿದ, “ಸುಮ್ನೆ ಅಂದೆ ಕಣೆ. ಇನ್ನೊಂದ್ಸಲ ಕೇಳ್ತಾರಲ್ಲ ಅಂತ...”

ಸುಲಾಸ್ತ್ರಿ ಹಣೆ ಚಚ್ಚಿಕೊಂಡಳು. ಸೋಮವಾರ ಅವಳು ನರ್ಸಾಗಿ ಕೆಲಸಕ್ಕೆ ಸೇರಬೇಕು. ವಾರವೆಲ್ಲ ಅಲೆದದ್ದೇ ಬಂತು. ತೆಬೆಟ್ ಬಡಾವಣೆಯ ಬಾಡಿಗೆ ಕೇಳಿ ಇಬ್ಬರೂ ನೀರು ಕುಡಿದು ಎದ್ದು ಬಂದಿದ್ದರು. ಬೆಕಾಸಿಯಲ್ಲಿ ಅಗ್ಗ, ಆದರೆ ಅರ್ಧ ಆಯುಷ್ಯ ರೈಲಿನಲ್ಲೇ ಕಳೆಯಬೇಕು. ‘ನಮ್ಮ ಜನ ಇರೋ ಕಡೆ ಇರೋಣ’ ಎಂದು ಪ್ರಮುಜಿ ಹಟ ಹಿಡಿದು ಹುಡುಕಿದ್ದು ಡೆಪೊಕ್‌ನ ಮನೆ. ಅಲ್ಲಿಯ ಯಜಮಾನ ಅಪ್ಪಟ ಸೊಲೊದವನು. ಬಿಸಿ ಟೀ ಕೊಟ್ಟು, ನಗುನಗುತ್ತ ‘ನೋಡೋಣ, ನೋಡೋಣ’ ಎಂದು ನಾಲ್ಕು ದಿನ ಓಡಾಡಿಸಿದ. ಆ ಮನೆಗೆ ಬೇರೆಯವರು ಬಂದು ಪರದೆ ಕಟ್ಟಿದ್ದನ್ನು ಇವರು ಬೀದಿಯಿಂದಲೇ ನೋಡಿದ್ದರು.

ಈ ಓಣಿ ಸುಮಾತ್ರಾದ ಬತಾಕ್ ಜನರದ್ದು. ಕಾಲಿಟ್ಟಾಗಲೇ ಪ್ರಮುಜಿ ಬೆಚ್ಚಿದ್ದ. ಯಾರೋ ಯಾರನ್ನೋ ಕೊಲ್ಲುತ್ತಿದ್ದಾರೆ ಎಂದುಕೊಂಡರೆ, ಇಬ್ಬರು ಹೆಂಗಸರು ಮೀನು ತಾಜಾ ಇದೆಯೇ ಎಂದು ಮಾತಾಡುತ್ತಿದ್ದರು. ಈಗಲೂ ಗಂಟಲೊಂದು ಓಣಿ ನಡುಗುವಂತೆ ಎದ್ದಿತು. ತಿಯುರ್ಮಾ ಅಡುಗೆಮನೆಯಿಂದಲೇ ಎದುರು ಮನೆಗೆ ಕೂಗುತ್ತಿದ್ದರು. “ಏ ರೋತುವಾ! ನಿನ್ನ ಅಣ್ಣನ ಮಗನಿಗೆ ಹೇಳು, ಮನೆ ಖಾಲಿ ಇದೆ! ಸೊಲೊದವರಿಗೆ ಬೇಡವಂತೆ!”

“ಈಗ್ಲೇ ಫೋನ್ ಮಾಡ್ತೀನಿ!” ಎಂದಿತು ಎದುರು ಮನೆಯ ಕಿಟಕಿ.

“ನಡೀರಿ ಒಳಗೆ,” ಎಂದು ಸುಲಾಸ್ತ್ರಿ ಗಂಡನ ಬೆನ್ನಿಗೆ ಕೈಹಚ್ಚಿ ದಬ್ಬಿದಳು. “ನಾನು ಕೇಳಲ್ಲ. ಕೆಡಿಸಿದೋರು ನೀವು, ನೀವೇ ಹೇಳಿ.”

ತಿಯುರ್ಮಾ ಊಟಕ್ಕೆ ಕೂತಿದ್ದರು. ಅರಿಸಿನ ಬಣ್ಣದ ಮೀನಿನ ಸಾರು ಮನೆಯೆಲ್ಲ ಘಮಘಮ ಎನ್ನುತ್ತಿತ್ತು. ತಲೆಯೆತ್ತಿ ನೋಡಿ, “ಏನಯ್ಯಾ, ಇನ್ನೂ ಹೋಗಿಲ್ವಾ? ಮನೆ ಬೇಡ ಅಂದ್ಯಲ್ಲ,” ಎಂದರು.

“ಇಬು, ನಮ್ಮೂರಲ್ಲಿ ಹಾಗಂದ್ರೆ... ಬೇಕು ಅಂತ.”

ತಿಯುರ್ಮಾರ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಮತ್ತೆ ಬೇಡ ಅನ್ನೋಕೆ ಏನಂತೀರಿ?”

ಪ್ರಮುಜಿ ಕ್ಷಣ ಯೋಚಿಸಿದ. “‘ನೋಡೋಣ’ ಅಂತೀವಿ.”

“ಅಯ್ಯೋ ದೇವರೇ! ಅಷ್ಟು ಸುತ್ತಿ ಬಳಸಿ ಮಾತಾಡಿ ಸಂಸಾರ ಹೇಗಯ್ಯಾ ಮಾಡ್ತೀರಿ? ನಾನು ಎರಡು ಸಲ ಕೇಳೋಳಲ್ಲ. ಅವಳು ಫೋನ್ ಮಾಡೋಕೆ ಮುಂಚೆ ನೆಟ್ಟಗೆ ಹೇಳು.”

ಪ್ರಮುಜಿ ಬಾಯಿ ತೆರೆದ. ಮತ್ತೆ ಮುಚ್ಚಿದ. ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅವನ ಜನ್ಮದಲ್ಲೇ ಇಲ್ಲ. ಸುಲಾಸ್ತ್ರಿಯನ್ನು ಮದುವೆಯಾಗಲು ಕೇಳಿದ್ದೂ ಅವನ ಚಿಕ್ಕಪ್ಪನೇ. ತಿರುಗಿ ನೋಡಿದ. ದಿನವಿಡೀ ಅಲೆದು ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗೆಳೆದು ತಂಪು ನೆಲಕ್ಕೆ ಒತ್ತಿಕೊಂಡು ಅವಳು ಹೊಸ್ತಿಲಲ್ಲಿ ನಿಂತಿದ್ದಳು.

“ಬೇಕು!” ಎಂದು ಕಿರುಚಿದ. “ಮನೆ ಬೇಕು! ಜಗುಲಿನೂ ಬೇಕು!”

ಎದುರು ಕಿಟಕಿಯಲ್ಲಿ ಒಂದು ತಲೆ ಹೊರಬಂತು. “ಏನೇ ಅದು, ಯಾರು ಜಗಳ ಆಡ್ತಿರೋದು?”

“ಜಗಳ ಅಲ್ಲ! ಹೊಸ ಬಾಡಿಗೆಯೋರು! ಫೋನ್ ಇಡು!” ಎಂದು ಕೂಗಿದ ತಿಯುರ್ಮಾ ಕೀಲಿಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಅದರ ಪಕ್ಕಕ್ಕೇ ಎರಡು ತಟ್ಟೆ ಹಾಕಿದರು. “ಕೂತ್ಕೊಳ್ಳಿ. ನೀವು ಮುಸ್ಲಿಮರು ತಿನ್ನದ ಹಂದಿ ಗಿಂದಿ ಅಲ್ಲ, ಮೀನು. ಧೈರ್ಯವಾಗಿ ತಿನ್ನಿ.”

ಸಾರಿನ ಕಾಡುಮೆಣಸಿಗೆ ನಾಲಿಗೆ ಜುಮ್ಮೆಂದಿತು. ಅಷ್ಟು ರುಚಿಯಾದ ಮೀನನ್ನು ಪ್ರಮುಜಿ ತಿಂದೇ ಇರಲಿಲ್ಲ. ಜಗುಲಿಯಲ್ಲಿ ಮಷಿನ್ ಎಲ್ಲಿಟ್ಟರೆ ಬೆಳಕು ಬಿದ್ದೀತು ಎಂದು ಸುಖವಾಗಿ ಲೆಕ್ಕ ಹಾಕುತ್ತ ತಟ್ಟೆ ಬಳಿದ. ತಿಯುರ್ಮಾ ಕೊನೆಯ ದಪ್ಪ ತುಂಡನ್ನು ಸೌಟಿನಲ್ಲೆತ್ತಿ ಕೇಳಿದರು, “ಇನ್ನೊಂದು ಹಾಕ್ಲಾ?”

“ಅಯ್ಯೋ, ಸಾಕು ಸಾಕು,” ಎಂದಿತು ಪ್ರಮುಜಿಯ ಬಾಯಿ, ತನ್ನಷ್ಟಕ್ಕೆ ತಾನೇ.

ಸೌಟು ಹಿಂದಕ್ಕೆ ಸರಿಯಿತು. ಸುಲಾಸ್ತ್ರಿ ತಟ್ಟೆ ಮುಂದೆ ಚಾಚಿದಳು.

“ನನಗೆ ಬೇಕು.”