ಇಪ್ಪತ್ತೇ ಪ್ರಶ್ನೆ

“ಇದು!” ಹೆರ್ಲಿಂಡಾ ಪುಸ್ತಕದ ಮೇಲೆ ಬೆರಳು ಕುಕ್ಕಿದಳು. ಬೆರಳಿನ ಜೋಳದ ಹಿಟ್ಟು ಪುಟಕ್ಕೂ ಅಂಟಿತು.

ನೊಯೆಮಿ ಹಲ್ಲು ಕಚ್ಚಿಕೊಂಡು ಓದಿದಳು. ಮತ ಹಾಕಲು ಎಷ್ಟು ವಯಸ್ಸಾಗಿರಬೇಕು? ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಿದಳು.

“ಈಗ ನಮ್ಮ ಮಾತಲ್ಲಿ ಹೇಳು.”

“ಅಧಿಕಾರಿ ನನ್ನ ಕೇಳೋದು ಇಂಗ್ಲಿಷಲ್ಲಿ, ಅತ್ತೆ.”

“ಗಿಳಿನೂ ಇಂಗ್ಲಿಷಲ್ಲಿ ಹೇಳುತ್ತೆ. ನಿನಗೆ ಅರ್ಥ ಆಗಿದ್ಯೋ ಇಲ್ವೋ ನನಗೆ ಗೊತ್ತಾಗ್ಬೇಡ್ವಾ? ಹೇಳು!”

“ಹದಿನೆಂಟು.”

“ಜೋರಾಗಿ! ಹೊಟ್ಟೆಗೆ ತಿಂದಿಲ್ವಾ?”

ನಾಲ್ಕು ತಿಂಗಳಿಂದ ದಿನಾ ಸಂಜೆ ಇದೇ ಗೋಳು. ನೊಯೆಮಿ ಹೋಟೆಲಿನ ಬಟ್ಟೆ ಒಗೆದು, ನಡು ಹಿಡಿದುಕೊಂಡು ಮನೆಗೆ ಬರುವಷ್ಟರಲ್ಲಿ ಅತ್ತೆ ಪುಸ್ತಕ ತೆರೆದಿಟ್ಟುಕೊಂಡು ಕೂತಿರುತ್ತಿದ್ದಳು. ಗಂಡ ಎಫ್ರೆನ್ ಲಾರಿ ಓಡಿಸುವವನು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಆ ಎರಡು ದಿನವೂ ಬಾಯಿಗೆ ಬೀಗ.

ಜಗಳದ ಮೂಲ ಹಿಂದಿನ ಕೋಣೆ. ಅಮೆರಿಕದ ಫ್ರೆಸ್ನೋ ಊರಿನ ಆ ಪುಟ್ಟ ಮನೆಯಲ್ಲಿ ಖಾಲಿ ಅನ್ನಬಹುದಾದದ್ದು ಅದೊಂದೇ. ಮನೆ ಹೆರ್ಲಿಂಡಾಳದ್ದು. ಮೂವತ್ತು ವರ್ಷ ಒಣದ್ರಾಕ್ಷಿ ಆರಿಸಿ ಕಟ್ಟಿದ ಮನೆ. ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಕಾಲು ಮುರಿದ ಕುರ್ಚಿಗಳು. ನೊಯೆಮಿಗೆ ಅಲ್ಲಿ ತನ್ನ ಅಮ್ಮನನ್ನು ತಂದು ಇಟ್ಟುಕೊಳ್ಳಬೇಕಿತ್ತು. ಮೆಕ್ಸಿಕೋದಲ್ಲಿ ಅತ್ತಿಗೆ ಆ ಮುದಿ ಜೀವಕ್ಕೆ ತುತ್ತು ಎಣಿಸಿ ಹಾಕುತ್ತಿದ್ದಳು. ಆದರೆ ಬರೀ ಗ್ರೀನ್ ಕಾರ್ಡ್ ಇದ್ದವರಿಗೆ ತಾಯಿಯನ್ನು ಕರೆಸಿಕೊಳ್ಳುವ ಹಕ್ಕಿಲ್ಲ. ಅದಕ್ಕೆ ಅಮೆರಿಕದ ಪೌರತ್ವವೇ ಬೇಕು. ಪೌರತ್ವಕ್ಕೆ ಈ ಹಾಳು ಪರೀಕ್ಷೆ.

“ಅಮ್ಮನಿಗೆ ಒಂದು ಮಂಚ ಹಾಕೋಷ್ಟು ಜಾಗ ಕೊಡಿ, ಅಷ್ಟೇ ಸಾಕು,” ಎಂದು ಅವಳು ಅಂಗಲಾಚಿದ ದಿನ ಹೆರ್ಲಿಂಡಾ ಉರಿದುಬಿದ್ದಿದ್ದಳು.

“ಲೋಕದಲ್ಲಿ ನಿನಗೊಬ್ಬಳಿಗೇ ಅಮ್ಮ ಇರೋದಾ? ಇರೋದೊಂದು ಕೋಣೆ. ಕಾಗದ ಕೈಗೆ ಬಂದವರು ಆಮೇಲೆ ಕೋಣೆಯ ಮಾತಾಡಲಿ.”

ಆ ಮಾತಿಗೇ ನೊಯೆಮಿ ಹಠಕ್ಕೆ ಬಿದ್ದಿದ್ದು.

ಅತ್ತೆಯ ಆಟ ಅವಳಿಗೆ ಅರ್ಥವಾಗಲು ಬಹಳ ದಿನ ಬೇಕಾಗಲಿಲ್ಲ. ಪುಸ್ತಕದಲ್ಲಿರುವುದು ನೂರು ಪ್ರಶ್ನೆ. ಅಧಿಕಾರಿ ಯಾವ ಹತ್ತನ್ನಾದರೂ ಕೇಳಬಹುದು, ಆರು ಸರಿಯಾಗಬೇಕು. ಅತ್ತೆ ಮಾತ್ರ ಪಕ್ಕದಲ್ಲಿ ಪುಟ್ಟ ನಕ್ಷತ್ರ ಅಚ್ಚಾಗಿದ್ದ ಇಪ್ಪತ್ತನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದಳು. ಉಳಿದ ಎಂಬತ್ತಕ್ಕೆ ಕೈ ಹಾಕಿದರೆ, “ಅದೆಲ್ಲ ಬೇಡ, ಇದು ಓದು!” ಎಂದು ಗದರುತ್ತಿದ್ದಳು. ಸೊಸೆ ಫೇಲಾಗಲಿ ಎಂದಲ್ಲದೆ ಇನ್ನೇನು? ಅಕ್ಷರ ಬಾರದ ಮುದುಕಿ ನಿಜ, ಕುತಂತ್ರಕ್ಕೆ ಅಕ್ಷರ ಯಾಕೆ ಬೇಕು? ಶನಿವಾರ ಬಂತೆಂದರೆ ಚರ್ಚಿನ ಹಿಂದಿನ ಹಾಲಿಗೆ ಬೇರೆ ಹೋಗುತ್ತಿದ್ದಳು, ಗಂಟೆಗಟ್ಟಲೆ. ತನ್ನ ಮೇಲೆ ಚಾಡಿ ಹೇಳಲು ಎಂದು ನೊಯೆಮಿ ಒಳಗೊಳಗೇ ಕುದಿಯುತ್ತಿದ್ದಳು.

ಅವಳೂ ಸುಮ್ಮನಿರಲಿಲ್ಲ. ಆ ಎಂಬತ್ತನ್ನು ಬಟ್ಟೆ ಒಣಗಿಸುವ ಯಂತ್ರದ ಮುಂದೆ ನಿಂತು, ಬೆವರು ಸುರಿಸುತ್ತ ಬಾಯಿಪಾಠ ಮಾಡಿದಳು.

ಸಂದರ್ಶನದ ಬೆಳಿಗ್ಗೆ ಹೆರ್ಲಿಂಡಾ ಒಂದು ಒಳ್ಳೆಯ ಮಾತೂ ಆಡಲಿಲ್ಲ. “ತಡ ಮಾಡ್ಬೇಡ, ಬೇಗ ಹೊರಡು, ನನಗೂ ಕೆಲಸ ಇದೆ,” ಎಂದು ಬಾಗಿಲು ಹಾಕಿಕೊಂಡಳು.

ಅಧಿಕಾರಿ ಆರು ಪ್ರಶ್ನೆ ಕೇಳಿದ. ಆರೂ ಸರಿಯಾಗಿದ್ದವು. ಅಲ್ಲಿಗೇ ನಿಲ್ಲಿಸಿ ಕೈ ಕುಲುಕಿದ. ಆರರಲ್ಲಿ ನಾಲ್ಕಕ್ಕೆ ನಕ್ಷತ್ರವೇ ಇರಲಿಲ್ಲ! ಪ್ರಮಾಣವಚನ ಮುಂದಿನ ತಿಂಗಳು. ಬಸ್ಸಿನಲ್ಲಿ ನೊಯೆಮಿ ಅತ್ತೆಯ ಮುಖಕ್ಕೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು.

ಹೆರ್ಲಿಂಡಾ ಅಡುಗೆಮನೆಯಲ್ಲಿ ಹಬ್ಬದ ಉಡುಪು ತೊಟ್ಟು ಕೂತಿದ್ದಳು.

“ಪಾಸಾದೆ! ನಿಮ್ಮ ಆಟ ನನ್ನ ಹತ್ರ ನಡೀಲಿಲ್ಲ, ಅತ್ತೆ. ಕೋಣೆ ಖಾಲಿ ಮಾಡಿ.”

“ಮಾಡಿದ್ದೀನಿ. ಹೋಗಿ ನೋಡು.”

ನೊಯೆಮಿ ನೋಡಿದಳು. ಹೊಲಿಗೆ ಯಂತ್ರ ಇರಲಿಲ್ಲ. ಕುರ್ಚಿಗಳಿರಲಿಲ್ಲ. ತೊಳೆದ ನೆಲ, ಗೋಡೆಗೆ ದೇವಮಾತೆಯ ಪಟ, ಹತ್ತಿ ಇಳಿಯಲು ಸುಲಭವಾಗಲೆಂದು ತಗ್ಗು ಮಂಚ, ಹೊಸ ಕಂಬಳಿ. ಅಯ್ಯೋ, ಎಂಥ ಪಾಪಿ ತಾನು! ಅವಳ ಕಣ್ಣು ತುಂಬಿ ಬಂತು.

“ಅತ್ತೆ, ನಾನು ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ. ತಪ್ಪಾಯ್ತು…”

“ಅಳು ಆಮೇಲೆ. ಇದನ್ನ ಓದಿ ಹೇಳು. ನನಗೆ ಓದೋಕೆ ಬರಲ್ಲ.”

ದಪ್ಪ ಕಾಗದ. ಅದರ ಮೇಲೆ ಹೆರ್ಲಿಂಡಾಳ ಫೋಟೊ. ಪೌರತ್ವದ ಪ್ರಮಾಣಪತ್ರ. ಇವತ್ತಿನದೇ ತಾರೀಖು.

“ನೀವು… ಪರೀಕ್ಷೆ…?”

“ಅರವತ್ತೈದು ದಾಟಿ, ಕಾರ್ಡ್ ಬಂದು ಇಪ್ಪತ್ತು ವರ್ಷ ಆದವರಿಗೆ ನಕ್ಷತ್ರದ ಇಪ್ಪತ್ತೇ ಪ್ರಶ್ನೆ. ಅದೂ ನಮ್ಮ ಮಾತಲ್ಲೇ ಕೇಳ್ತಾರೆ. ಅರ್ಜಿ ತುಂಬಿದ್ದು ಚರ್ಚಿನವರು. ಪಾಠ ಹೇಳಿದ್ದು ನೀನು. ಹೋದ ತಿಂಗಳು ಪಾಸಾದೆ, ಇವತ್ತು ಪ್ರಮಾಣವಚನ ಮುಗೀತು.”

ನೊಯೆಮಿ ಮತ್ತೆ ಕೋಣೆಯ ಕಡೆ ತಿರುಗಿದಳು. “ಹಾಗಾದ್ರೆ ಆ ಮಂಚ ಯಾರಿಗೆ?”

“ನನ್ನಮ್ಮನಿಗೆ,” ಎಂದಳು ಹೆರ್ಲಿಂಡಾ. “ಬರೋ ತಿಂಗಳಿಗೆ ತೊಂಬತ್ತು ಅವಳಿಗೆ.”