ತಂಡದ ನಾಲ್ಕನೆಯವನು

ಈರಬಸಪ್ಪ ಹೊಡೆದ ಗಾಲ್ಫ್ ಚೆಂಡು ಪುಣೆಯಿಂದ ಹಾರಿ ದೌಂಡ ಸ್ಟೇಷನ್ನಿನಲ್ಲಿ ಬಿದ್ದು, ಸೊಲ್ಲಾಪುರದ ಗಾಡಿ ಹತ್ತಿ ಹೋಗಿತ್ತಂತೆ! ೧೯೮೨ರ ವಾರ್ಷಿಕ ತಂಡ ಪಂದ್ಯ ಮುಗಿದ ಸಂಜೆ, ಕ್ಲಬ್ಬಿನ ಹುಲ್ಲಿನ ಮೇಲೆ ಕೂತ ಮಾವನ ಮುಂದೆ ಅವನು ಹೀಗೆ ಬಂಡಲ್ ಬಿಡುತ್ತಿದ್ದ. "ಆರು ವರ್ಷದಿಂದ ಟೀಮು ನಿಂತಿದ್ದ ನನ್ನ ಮ್ಯಾಲ ರೀ ಮಾವಾರ. ಉಳಿದ ಮೂವರಿಗೆ ಕೋಲು ಯಾವ ಕಡೆ ಹಿಡೀಬೇಕಂತ ಸೈತ ನಾನ ಕಲಿಸೀನಿ." ಹೆಂಡತಿ ಶಿವಬಸವ್ವ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಅಷ್ಟರಲ್ಲಿ ನಾಯಕ ಕೇತ್ಕರ ಒಂದು ಕೈಯಲ್ಲಿ ಗೆದ್ದ ಕಪ್ಪು, ಇನ್ನೊಂದರಲ್ಲಿ ಖಾಲಿ ಡಬ್ಬಿ ಹಿಡಿದು ಬಂದ. ಡಬ್ಬಿಯನ್ನು ಶಿವಬಸವ್ವನ ಕೈಗಿಟ್ಟು, "ಅತ್ತಿಗೇ, ಮುಂದಿನ ವರ್ಷವೂ ನಿಮ್ಮ ಶೇಂಗಾ ಹೋಳಿಗೆ ಬೇಕೇಬೇಕು" ಎಂದ ಮರಾಠಿಯಲ್ಲಿ. ಮಾವ ಹರುಕುಮುರುಕು ಮರಾಠಿಯಲ್ಲಿ ಅಳಿಯನ ಆಟ ವಿಚಾರಿಸಿದರು. ಕೇತ್ಕರ ನಕ್ಕ. "ನಾಲ್ವರಲ್ಲಿ ಚೆನ್ನಾಗಿ ಆಡಿದ ಮೂವರ ಸ್ಕೋರಷ್ಟೇ ಲೆಕ್ಕಕ್ಕೆ. ಇವರದು ಎಣಿಸಿಲ್ಲ."

ಅವನು ಹೋದ ಮೇಲೆ ಮಾವ ಧೋತರದ ಹುಲ್ಲು ಕೊಡವಿಕೊಂಡರು. ಶಿವಬಸವ್ವ ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದಳು.

"ಹೋದ ವರ್ಷರ ಎಣಿಸಿದ್ರೇನ್ರಿ?"

ಈರಬಸಪ್ಪ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ.

"ಒಂದು ವರ್ಷನೂ ಎಣಿಸಿಲ್ಲ, ಬಸವ್ವಾ. ಅವರು ಟೀಮಿನ್ಯಾಗ ಇಟ್ಕೊಂಡಿದ್ದು ನಿನ್ನ ಡಬ್ಬೀನ. ನಾ ಬರೇ ಅದನ್ನ ಹೊತ್ಕೊಂಡು ಬರಾಂವ."